ಎಕ್ಸ್‌ಚೇಂಜ್‌ನಿಂದ ಎಕ್ಸ್‌ಚೇಂಜ್‌ಗೆ ಸ್ಕ್ರಿಪ್ಟ್ ಮೂಲಕ ಕ್ರಿಪ್ಟೊ: ನಾನು ಮಾಡುವ ಬಗೆ

ನನ್ನವೇ ಆದ ಎರಡು ಎಕ್ಸ್‌ಚೇಂಜ್ ಖಾತೆಗಳ ನಡುವೆ ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೊ) ಸಾಗಿಸಲು ಪೈಥಾನ್‌ನಲ್ಲಿ ಸಿಸಿಎಕ್ಸ್‌ಟಿ ಎಂಬ ಲೈಬ್ರರಿ (ಸಿದ್ಧ ಕೋಡ್ ಸಂಗ್ರಹ) ಬಳಸುತ್ತೇನೆ. ಇದು ಮುಕ್ತ ತಂತ್ರಾಂಶ. ನೂರಕ್ಕೂ ಹೆಚ್ಚು ಎಕ್ಸ್‌ಚೇಂಜ್‌ಗಳ ಎಪಿಐಗಳನ್ನು (ಕೋಡ್ ಮೂಲಕ ಖಾತೆ ನಡೆಸುವ ದಾರಿ) ಒಂದೇ ಬಗೆಯ ಕರೆಗಳಿಗೆ ತಂದುಕೊಡುತ್ತದೆ. ಹಣ ಕಳಿಸಲು ಒಂದೇ ಸಾಲು ಕೋಡ್ ಸಾಕು. ಮಿಕ್ಕ ಕೋಡೆಲ್ಲ ಆ ಸಾಲು ಯಾವಾಗ ಓಡಬಾರದು ಎಂದು ಕಾಯುವುದಕ್ಕೆ.

ಮೊದಲು ಎಪಿಐ ಕೀ, ಅಂದರೆ ಸ್ಕ್ರಿಪ್ಟ್ ಖಾತೆಯೊಳಗೆ ಹೋಗಲು ಬಳಸುವ ಗುಪ್ತ ಸಂಕೇತ. ಕಳಿಸುವ ಖಾತೆಯ ಕೀಗೆ ಓದುವ ಮತ್ತು ವಿತ್‌ಡ್ರಾ ಮಾಡುವ (ಹಣ ಹೊರಗೆ ಕಳಿಸುವ) ಅನುಮತಿ ಮಾತ್ರ ಕೊಡುತ್ತೇನೆ, ಟ್ರೇಡಿಂಗ್ ಅನುಮತಿ ಇಲ್ಲ. ಪಡೆಯುವ ಕಡೆಗೆ ಓದುವ ಅನುಮತಿಯೇ ಸಾಕು. ಕೀ ಸರ್ವರ್‌ನ ಸ್ಥಿರ ಐಪಿಯಿಂದ ಮಾತ್ರ ನಡೆಯಬೇಕು. ಪಡೆಯುವ ವಿಳಾಸವನ್ನು ವೈಟ್‌ಲಿಸ್ಟ್‌ಗೆ (ಒಪ್ಪಿದ ವಿಳಾಸಗಳ ಪಟ್ಟಿ) ಕೈಯಾರೆ ಸೇರಿಸಬೇಕು. ಹೊಸ ವಿಳಾಸಕ್ಕೆ ಹಲವೆಡೆ 24 ಗಂಟೆ ತಡೆ ಇರುತ್ತದೆ. ಕಿರಿಕಿರಿಯೇ, ಆದರೆ ಇದರಿಂದ ಕೀ ಕದ್ದವನು ನನ್ನ ಹಣವನ್ನು ನನ್ನದೇ ಇನ್ನೊಂದು ಖಾತೆಗೆ ಕಳಿಸಬಹುದೇ ಹೊರತು ಬೇರೆಲ್ಲಿಗೂ ಅಲ್ಲ. ಕೆಲವು ಎಕ್ಸ್‌ಚೇಂಜ್‌ಗಳಲ್ಲಿ ಟ್ರೇಡಿಂಗ್ ವ್ಯಾಲೆಟ್‌ನಿಂದ ನೇರವಾಗಿ ವಿತ್‌ಡ್ರಾ ಆಗದು. ಹಣವನ್ನು ಮೊದಲು ಫಂಡಿಂಗ್ ವ್ಯಾಲೆಟ್‌ಗೆ ಬದಲಿಸಬೇಕು. ಬ್ಯಾಲೆನ್ಸ್ ಕಣ್ಣೆದುರೇ ಇದ್ದರೂ ‘ಹಣ ಸಾಲದು’ ಎಂಬ ಉತ್ತರ ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ನೆಟ್‌ವರ್ಕ್, ಅಂದರೆ ಹಣ ಸಾಗುವ ಬ್ಲಾಕ್‌ಚೈನ್ ಜಾಲದ ವಿಷಯದಲ್ಲಿ ನಾನು ಯಾವ ಲೈಬ್ರರಿಯನ್ನೂ ನಂಬುವುದಿಲ್ಲ. ಒಂದೇ ಟ್ರಾನ್ ಜಾಲವನ್ನು ಒಬ್ಬರು ಟಿಆರ್‌ಸಿ-20 ಎಂದರೆ ಇನ್ನೊಬ್ಬರು ಟಿಆರ್‌ಎಕ್ಸ್ ಎನ್ನುತ್ತಾರೆ. ಟ್ರಾನ್ ವಿಳಾಸವನ್ನು ಅದರ ಮೊದಲ ಅಕ್ಷರ ‘ಟಿ’ ನೋಡಿ ಗುರುತಿಸಬಹುದು. ಆದರೆ ಇಥೀರಿಯಮ್, ಬಿಎನ್‌ಬಿ ಚೈನ್, ಪಾಲಿಗಾನ್ ಮೂರರ ವಿಳಾಸಗಳೂ ಒಂದೇ ರೂಪದವು. ತಪ್ಪು ಜಾಲ ಆರಿಸಿದರೂ ವಿಳಾಸದ ತಪಾಸಣೆ ಪಾಸಾಗುತ್ತದೆ. ಅದಕ್ಕೇ ಎರಡೂ ಕಡೆಯ ಜಾಲದ ಹೆಸರುಗಳ ಪಟ್ಟಿಯನ್ನು ನಾನೇ ಬರೆದಿಟ್ಟಿದ್ದೇನೆ. ಅದರಲ್ಲಿ ಇಲ್ಲದ ಜೋಡಿ ಬಂದರೆ ಸ್ಕ್ರಿಪ್ಟ್ ನಿಲ್ಲುತ್ತದೆ. ಪಡೆಯುವ ಕಡೆ ಆ ಜಾಲದ ಡೆಪಾಸಿಟ್ ತೆರೆದಿದೆಯೇ ಎಂದು ಪ್ರತಿ ಸಲವೂ ಕೇಳುತ್ತದೆ.

ಬೇರೆ ಕ್ರಿಪ್ಟೊ ಕಳಿಸುವುದಾದರೆ, ಎಕ್ಸ್‌ಆರ್‌ಪಿಗೆ ಟ್ಯಾಗ್, ಸ್ಟೆಲ್ಲರ್ ಮತ್ತು ಕಾಸ್ಮಾಸ್‌ಗೆ ಮೆಮೊ ಎಂಬ ಗುರುತು ಸಂಖ್ಯೆ ವಿಳಾಸದ ಜೊತೆಗೆ ಬೇಕು. ಅಲ್ಲಿ ಎಕ್ಸ್‌ಚೇಂಜ್ ಎಲ್ಲ ಗ್ರಾಹಕರಿಗೂ ಒಂದೇ ವಿಳಾಸ ಕೊಟ್ಟು, ಹಣ ಯಾರದೆಂದು ಆ ಸಂಖ್ಯೆಯಿಂದ ತಿಳಿಯುತ್ತದೆ. ಖಾಲಿ ಬಿಟ್ಟರೆ ಹಣ ಅವರ ವ್ಯಾಲೆಟ್ ಸೇರುತ್ತದೆ, ನಿಮ್ಮ ಖಾತೆಗೆ ಮಾತ್ರ ಜಮೆಯಾಗದು.

ಮೊತ್ತಕ್ಕೆ ಫ್ಲೋಟ್ (ದಶಮಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆಯ ಬಗೆ) ಬಳಸಲೇಬಾರದು. ನಿಖರವಾಗಿ ಇಡುವ ಡೆಸಿಮಲ್ ಬಳಸಿ, ಎಕ್ಸ್‌ಚೇಂಜ್ ಒಪ್ಪುವಷ್ಟು ದಶಮಾಂಶ ಸ್ಥಾನಗಳಿಗೆ ಯಾವಾಗಲೂ ಕೆಳಕ್ಕೇ ಕತ್ತರಿಸಿ. ಶುಲ್ಕವನ್ನು ಕೆಲವರು ಕಳಿಸಿದ ಮೊತ್ತದಲ್ಲೇ ಮುರಿದುಕೊಳ್ಳುತ್ತಾರೆ, ಕೆಲವರು ಅದರ ಮೇಲೆ ಹಾಕುತ್ತಾರೆ. ಎರಡನೆಯ ಕಡೆ ಇಡೀ ಬ್ಯಾಲೆನ್ಸ್ ಕಳಿಸಲು ಹೋದರೆ ಕೋರಿಕೆ ತಿರಸ್ಕೃತ. ಮೊದಲ ಕಡೆ, ಶುಲ್ಕ ಕಳೆದು ಉಳಿದದ್ದು ಪಡೆಯುವವರ ಕನಿಷ್ಠ ಡೆಪಾಸಿಟ್‌ಗಿಂತ ಕಡಿಮೆಯಾದರೆ ಜಮೆಯೇ ಆಗದಿರಬಹುದು.

ಇನ್ನು ನಿಜವಾದ ತಲೆನೋವು: ಒಂದೇ ಹಣ ಎರಡು ಸಲ ಹೋಗುವುದು. ವಿತ್‌ಡ್ರಾ ಕೋರಿಕೆ ಹೋಯಿತು, ಉತ್ತರ ಬರುವ ಮೊದಲೇ ಟೈಮ್‌ಔಟ್ ಆಯಿತು (ಕಾಯುವ ಅವಧಿ ಮುಗಿಯಿತು) ಅನ್ನಿ. ಹಣ ಹೊರಟಿರಬಹುದು, ಹೊರಡದೆಯೂ ಇರಬಹುದು. 500ರ ಸರಣಿಯ ಎಚ್‌ಟಿಟಿಪಿ ದೋಷವೂ (ಎಕ್ಸ್‌ಚೇಂಜ್ ಸರ್ವರ್‌ನ ಕಡೆಯ ದೋಷ) ಹೀಗೆಯೇ. ಅದನ್ನು ‘ವಿಫಲ’ ಎಂದು ಓದಿದರೆ ಕೆಟ್ಟಿತು. ಬೆಲೆ ಕೇಳುವ ಕರೆಗಳಿಗೆ ಹಾಕಿದ ಮರುಪ್ರಯತ್ನದ ಕೋಡ್ ವಿತ್‌ಡ್ರಾಗೂ ಸುತ್ತಿಕೊಂಡಿದ್ದರೆ ಮೂರು ಸಲ ಕಳಿಸಿ ಕೂತಿರುತ್ತದೆ.

ಆದ್ದರಿಂದ ಕರೆಗೆ ಮೊದಲೇ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನಲ್ಲಿ ಒಂದು ದಾಖಲೆ ಬರೆಯುತ್ತೇನೆ: ನನ್ನದೇ ಐಡಿ, ವಿಳಾಸ, ಜಾಲ, ಮೊತ್ತ, ಸಮಯ, ಸ್ಥಿತಿ. ಬ್ಯಾಲೆನ್ಸ್ ಸಾಲದು, ವಿಳಾಸ ಸರಿಯಿಲ್ಲ ಎಂಬಂಥ ಸ್ಪಷ್ಟ ನಿರಾಕರಣೆ ಬಂದರೆ ಮಾತ್ರ ಸ್ಥಿತಿ ‘ವಿಫಲ’. ಮಿಕ್ಕ ದೋಷಗಳೆಲ್ಲ ‘ಗೊತ್ತಿಲ್ಲ’. ‘ಗೊತ್ತಿಲ್ಲ’ ಇರುವವರೆಗೆ ಹೊಸ ವಿತ್‌ಡ್ರಾ ಇಲ್ಲ. ವಿತ್‌ಡ್ರಾ ಪಟ್ಟಿ ತರಿಸಿ ಹುಡುಕುವುದಷ್ಟೇ ಕೆಲಸ. ಬೈನಾನ್ಸ್‌ನಂತೆ ಗ್ರಾಹಕರ ಐಡಿ ಒಪ್ಪುವ ಕಡೆ ಹುಡುಕುವುದು ಸುಲಭ. ಒಪ್ಪದ ಕಡೆ ಮೊತ್ತದ ಕೊನೆಯ ಅಂಕಿಗಳನ್ನೇ ಗುರುತಾಗಿ ಬಳಸುತ್ತೇನೆ: 500ರ ಬದಲು 500.0137, ಮುಂದಿನದು 500.0138. ಕ್ರಾನ್‌ನಲ್ಲಿ (ನಿಗದಿತ ಸಮಯಕ್ಕೆ ತಾನಾಗಿ ಓಡಿಸುವ ವ್ಯವಸ್ಥೆ) ಓಡಿಸುವುದಾದರೆ ಫೈಲ್ ಲಾಕ್ ಕೂಡ ಹಾಕಿ, ಹಳೆಯ ಓಟ ಮುಗಿಯುವ ಮೊದಲು ಹೊಸದು ಶುರುವಾಗದಂತೆ.

ಸರ್ವರ್ ಗಡಿಯಾರ ಎನ್‌ಟಿಪಿಗೆ (ಜಾಲದ ಮೂಲಕ ಸಮಯ ಸರಿಪಡಿಸುವ ವ್ಯವಸ್ಥೆ) ಹೊಂದಿರಲಿ, ಇಲ್ಲದಿದ್ದರೆ ಕೋರಿಕೆ ತಿರಸ್ಕೃತವಾಗಬಹುದು. ಬೈನಾನ್ಸ್‌ನಲ್ಲಿ ಸಹಿ ಹಾಕಿದ ಕೋರಿಕೆಯ ಸಮಯಮಿತಿ ಬೇರೆ ಹೇಳದಿದ್ದರೆ 5000 ಮಿಲಿಸೆಕೆಂಡ್.

ಕಳಿಸಿದ ಕಡೆ ‘ಪೂರ್ಣ’ ಎಂದ ಮಾತ್ರಕ್ಕೆ ಕೆಲಸ ಮುಗಿಯದು. ಪಡೆಯುವ ಕಡೆಯ ಡೆಪಾಸಿಟ್ ಪಟ್ಟಿಯಲ್ಲಿ ಅದೇ ವಹಿವಾಟು ಐಡಿ ಕಂಡ ಮೇಲೆಯೇ ನನ್ನ ದಾಖಲೆ ಮುಚ್ಚುತ್ತದೆ. ಟ್ರಾನ್‌ನಲ್ಲಿ 3 ಸೆಕೆಂಡಿಗೊಂದು ಬ್ಲಾಕ್ (ವಹಿವಾಟುಗಳ ಕಂತೆ), ಸುಮಾರು ಒಂದು ನಿಮಿಷದಲ್ಲಿ ಖಚಿತ. ಇಥೀರಿಯಮ್‌ನಲ್ಲಿ ಪೂರ್ಣ ಖಚಿತವಾಗಲು 13 ನಿಮಿಷ ಹತ್ತಿರ. ಜಮೆಯಾದರೂ ಮತ್ತೆ ವಿತ್‌ಡ್ರಾ ಮಾಡಲು ಹೆಚ್ಚು ಬ್ಲಾಕ್ ಕಾಯಿಸುವ ಎಕ್ಸ್‌ಚೇಂಜ್‌ಗಳಿವೆ. ಮುಂದಿನ ಹೆಜ್ಜೆ ಅದೇ ಹಣವನ್ನು ಇನ್ನೆಲ್ಲಿಗೋ ಕಳಿಸುವುದಾದರೆ ಒಟ್ಟು ಬ್ಯಾಲೆನ್ಸ್ ಬದಲು ‘ಲಭ್ಯ’ ಬ್ಯಾಲೆನ್ಸ್ ಓದಿ.