ಹಳ್ಳಿಯಲ್ಲಿ ಇಳಿಯಿರಿ, ದೊಡ್ಡ ರಸ್ತೆಗೆ ನಡೆದು ಬನ್ನಿ
ಗದಗದಿಂದ ಕಪ್ಪತಗುಡ್ಡದ ಕಡೆ ಬಸ್ಸಿನಲ್ಲಿ ಹೋಗಿ ನಡೆಯುವವರು ಹೀಗೆ ಮಾಡಿ ನೋಡಿ: ಬಸ್ ಕಡಿಮೆ ಇರುವ ಊರಲ್ಲಿ ಬೆಳಿಗ್ಗೆ ಇಳಿಯಿರಿ, ನಡಿಗೆಯನ್ನು ದೊಡ್ಡ ರಸ್ತೆಯಲ್ಲಿ ಮುಗಿಸಿ. ಅಂದರೆ ಮೊದಲು ಡೋಣಿ, ಕೊನೆಗೆ ಡಂಬಳ. ಡಂಬಳ ಗದಗ–ಮುಂಡರಗಿ ರಸ್ತೆಯಲ್ಲೇ ಇದೆ, ಒಂದು ಬಸ್ ತಪ್ಪಿದರೂ ಇನ್ನೊಂದು ಸಿಗುತ್ತದೆ. ಸುಮ್ನೆ ಗಡಿಯಾರ ನೋಡಿಕೊಂಡು ಓಡೋದು ತಪ್ಪುತ್ತದೆ. ಕಾಯುವ ಹೊತ್ತಲ್ಲಿ ದೊಡ್ಡಬಸಪ್ಪನ ಗುಡಿ ನೋಡಿ. ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಕಟ್ಟಿದ ಗೋಡೆ ಅದು, ಇಳಿಬಿಸಿಲಲ್ಲಿ ಎಷ್ಟು ನೋಡಿದರೂ ಸಾಲದು. ಡೋಣಿಯಲ್ಲಿ ಇಳಿಯುವಾಗ ಕಂಡಕ್ಟರ್‌ಗೆ ‘ವಸ್ತಿ ಬಸ್ ಯಾವುದ್ರಿ?’ ಅಂತ ಕೇಳಿಟ್ಟುಕೊಳ್ಳಿ. ವಸ್ತಿ ಬಸ್ ರಾತ್ರಿ ಊರಲ್ಲೇ ನಿಲ್ಲುತ್ತದೆ, ವಾಪಸ್ ಹೊರಡುವುದು ಮರುದಿನ ಬೆಳಿಗ್ಗೆ. ಅದನ್ನು ನಂಬಿ ಕೂರಬೇಡಿ. ಮಳೆಯಾದ ಮೇಲೆ ಮಾತ್ರ ಈ ಉಪಾಯ ನಡೆಯಲ್ಲ. ಹೊಲದ ದಾರಿಯ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಕಾಲು ಎತ್ತೋಕೂ ಆಗಲ್ಲ, ಆಗ ಡಾಂಬರು ರಸ್ತೆಯನ್ನೇ ಹಿಡಿಯಿರಿ. ಗುಡ್ಡ 2019ರಿಂದ ವನ್ಯಜೀವಿ ಧಾಮ. ಮೇಲೆ ಹತ್ತುವುದಿದ್ದರೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಿ. ಬೇಸಿಗೆಯಲ್ಲಿ ಹುಲ್ಲೆಲ್ಲ ಒಣಗಿರುತ್ತದೆ, ಬೆಂಕಿಪೊಟ್ಟಣ ಜೇಬಲ್ಲೂ ಬೇಡ.