ಉಪ್ಪುನೀರಿನ ಟ್ಯಾಂಕಿಗೆ ಬಿಳಿ ಚುಕ್ಕಿ ಬಂದಾಗ ನಾನು ಮಾಡಿದ್ದು

ನನ್ನ ಬಾಮೈದ ಕೆಲಸದ ಮೇಲೆ ಹೊರದೇಶಕ್ಕೆ ಹೊರಟಾಗ ಅವನ ನಾಲ್ಕಡಿ ಉಪ್ಪುನೀರಿನ ಟ್ಯಾಂಕ್ ಬೆಂಗಳೂರಿನ ನಮ್ಮ ಮನೆಗೆ ಬಂತು. ಅದರಲ್ಲಿ ಒಂದು ಪೌಡರ್ ಬ್ಲೂ ಟ್ಯಾಂಗ್, ಒಂದು ಹಿಪ್ಪೋ ಟ್ಯಾಂಗ್, ಒಂದು ಫಾಕ್ಸ್‌ಫೇಸ್, ಜೋಡಿ ಕ್ಲೌನ್, ಒಂದು ಕಾರ್ಡಿನಲ್, ಸಾಲದ್ದಕ್ಕೆ ಒಂದು ಹಿಂಡು ಡ್ಯಾಮ್ಸೆಲ್, ಹೀಗೆ ಬಣ್ಣಬಣ್ಣದ ಸಮುದ್ರ ಮೀನುಗಳು. ನೋಡೋಕೇನೋ ಭರ್ಜರಿ. ವಾರ ಕಳೆಯೋದರೊಳಗೆ ಪೌಡರ್ ಬ್ಲೂ ಮೈಮೇಲೆ ಸಣ್ಣ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕಿ ಎದ್ದವು. ಕಲ್ಲು ಕಂಡಲ್ಲೆಲ್ಲ ಮೈ ಉಜ್ಜುತ್ತಿತ್ತು.

ಫೋನ್ ಮಾಡಿದರೆ ಬಾಮೈದ ಆರಾಮಾಗಿ ಹೇಳಿದ: “ನನ್ನ ಹತ್ರ ಇದ್ದಾಗಲೂ ಬರ್ತಿತ್ತು ಭಾವ. ಆಹಾರಕ್ಕೆ ಬೆಳ್ಳುಳ್ಳಿ ರಸ ಹಾಕಿ, ನಾಲ್ಕು ದಿನಕ್ಕೆ ತಾನಾಗೇ ಹೋಗುತ್ತೆ.”

ಹೋಗುತ್ತೆ, ಅದು ನಿಜ. ಆದರೆ ಬೆಳ್ಳುಳ್ಳಿಯಿಂದಲ್ಲ. ಇದು ಮರೀನ್ ಇಕ್, ಕ್ರಿಪ್ಟೋಕ್ಯಾರಿಯಾನ್ ಇರಿಟನ್ಸ್ ಎಂಬ ಏಕಕೋಶ ಜೀವಿಯ ಕೆಲಸ. ಮೀನಿನ ಚರ್ಮದೊಳಗೆ ಹೂತುಕೊಂಡು 3ರಿಂದ 7 ದಿನ ತಿಂದು ಬೆಳೆಯುತ್ತದೆ. ಆಮೇಲೆ ಕಳಚಿಕೊಂಡು, ಹೆಚ್ಚಾಗಿ ಕತ್ತಲಲ್ಲಿ, ಮರಳಿಗೋ ಕಲ್ಲಿಗೋ ಅಂಟಿ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಮೀನಿನ ಮೈ ನುಣ್ಣಗಾಯ್ತು ಅಂತ ನಾವು ಖುಷಿಪಡುವುದು ಇದೇ ಹೊತ್ತಿನಲ್ಲಿ. ಕವಚದೊಳಗೆ ಒಂದು ಹೋಗಿ ನೂರಾರು ಆಗಿ ಈಚೆ ಬರುತ್ತವೆ. ಹಾಗೆ ಬಂದ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾವು. ಸಮುದ್ರದಲ್ಲಿ ಬಹುಪಾಲು ಹಾಗೇ ಸಾಯುತ್ತವೆ. ಗಾಜಿನ ಪೆಟ್ಟಿಗೆಯಲ್ಲಿ, ಅದೂ ಮೀನು ತುಂಬಿದ ಪೆಟ್ಟಿಗೆಯಲ್ಲಿ, ಮೈ ಹುಡುಕುವ ಕಷ್ಟವೇ ಇಲ್ಲ. ಹಾಗಾಗಿ ರೋಗಕ್ಕೆ ಔಷಧಿ ಕೊಡೋದು, ಟ್ಯಾಂಕಿನ ಜನಸಂಖ್ಯೆ ಇಳಿಸೋದು ನನ್ನ ಲೆಕ್ಕದಲ್ಲಿ ಒಂದೇ ಕೆಲಸ.

ಔಷಧಿಗೆ ಮುಂಚೆ ಬಂದಿರುವುದು ಏನು ಅಂತ ನೋಡಬೇಕು. ಚುಕ್ಕಿ ಎಣಿಸಲು ಬರುವಂತಿದ್ದರೆ ಸಾಮಾನ್ಯವಾಗಿ ಇಕ್. ಎಣಿಸಲಾಗದಷ್ಟು ಸಣ್ಣ ಪುಡಿಯಿದ್ದು, ಮೀನು ಜೋರಾಗಿ ಉಸಿರಾಡುತ್ತಾ ಪಂಪಿನ ಹೊಡೆತಕ್ಕೆ ಮುಖ ಕೊಟ್ಟು ನಿಂತರೆ ಅದು ವೆಲ್ವೆಟ್ ಎಂಬ ಇನ್ನೊಂದು ಪರಾವಲಂಬಿ ರೋಗ. ಅದಕ್ಕೆ ನಾಳೆ ಅನ್ನಲೇಬಾರದು. ನಮ್ಮ ಫಾಕ್ಸ್‌ಫೇಸಿಗೆ ಚುಕ್ಕಿ ಇರಲಿಲ್ಲ, ಕಣ್ಣು ಮಾತ್ರ ಮಂಜಾಗಿತ್ತು. ಅದರ ಬೆನ್ನಿನ ಮುಳ್ಳಲ್ಲಿ ವಿಷ ಇರುತ್ತದೆ, ಬಲೆ ಹಾಕಬಾರದು. ಡಬ್ಬಿಯಲ್ಲಿ ಹಿಡಿದು ಸಿಹಿನೀರಿನ ಕಪ್ಪು ಬಕೆಟ್ಟಿಗೆ ಬಿಟ್ಟೆ. ಆ ನೀರಿನ ಬಿಸಿ ಟ್ಯಾಂಕಿನಷ್ಟೇ ಇರಬೇಕು, ಪಿಎಚ್ ಸರಿಮಾಡಲು ಚಿಟಿಕೆ ಅಡುಗೆ ಸೋಡಾ ಬೇಕು, ಗಾಳಿಗುಳ್ಳೆ ಬಿಡುವ ಏರ್‌ಸ್ಟೋನ್ ಓಡುತ್ತಿರಬೇಕು. ಮೂರನೇ ನಿಮಿಷಕ್ಕೆ ಕಣ್ಣಿನ ಮೇಲೆ ಅಷ್ಟು ಹೊತ್ತು ಕಾಣದೇ ಇದ್ದ ಪಾರದರ್ಶಕ ಬಿಲ್ಲೆಗಳು ಬೆಳ್ಳಗಾಗಿ, ಅಂಚು ಸುರುಟಿಕೊಂಡು, ಒಂದೊಂದೇ ಉದುರಿ ಬಕೆಟ್ಟಿನ ತಳ ಸೇರಿದವು. ಅವು ಫ್ಲೂಕ್ ಎಂಬ ಚಪ್ಪಟೆ ಹುಳ. ಐದು ನಿಮಿಷಕ್ಕೆ ಮೀನನ್ನು ಎತ್ತಿಬಿಟ್ಟೆ. ಇವಕ್ಕೆ ಪ್ರಾಜಿಕ್ವಾಂಟೆಲ್ ಎಂಬ ಹುಳದ ಔಷಧಿ ಬೇಕು. ಮೊಟ್ಟೆಗೆ ಆ ಔಷಧಿ ನಾಟದ ಕಾರಣ ವಾರದ ಆಸುಪಾಸಿನಲ್ಲಿ ಇನ್ನೊಂದು ಸಲ ಹಾಕಬೇಕು.

ಇಕ್ಕಿಗೆ ಕಾಪರ್, ಅಂದರೆ ತಾಮ್ರದ ಔಷಧಿ. ಅದನ್ನು ದೊಡ್ಡ ಟ್ಯಾಂಕಿಗೆ ಸುರಿಯುವ ಹಾಗಿಲ್ಲ. ಸಿಗಡಿ, ಬಸವನಹುಳ ಎಲ್ಲ ಸಾಯುತ್ತವೆ, ಕಲ್ಲು ಮತ್ತು ಮರಳು ಕಾಪರ್ ಹೀರಿಕೊಂಡು ಅಳತೆಯೇ ನಿಲ್ಲುವುದಿಲ್ಲ. ಹಾಗಾಗಿ ಕಲ್ಲೆಲ್ಲ ಎತ್ತಿ, ಮೀನೆಲ್ಲ ಹಿಡಿದು, ಬರಿದಾದ ಬೇರೆ ಟ್ಯಾಂಕುಗಳಿಗೆ ಹಾಕಿದೆ. ಅವುಗಳಲ್ಲಿ ಮರಳಿಲ್ಲ, ಕಲ್ಲಿಲ್ಲ. ಅಡಗಲು ಪಿವಿಸಿ ಎಲ್ಬೋ, ಒಂದು ಹೀಟರ್, ಒಂದು ಸ್ಪಾಂಜ್ ಫಿಲ್ಟರ್, ಅಷ್ಟೆ. ನಾನು ಬಳಸಿದ್ದು ಕೀಲೇಟೆಡ್ ಕಾಪರ್, ಅಂದರೆ ಬೇರೆ ರಾಸಾಯನಿಕದ ಜೊತೆ ಕಟ್ಟಿಹಾಕಿದ ತಾಮ್ರ. ನಿಧಾನವಾಗಿ, ಕೆಲವು ದಿನ ತೆಗೆದುಕೊಂಡು, 2ರಿಂದ 2.5 ಪಿಪಿಎಂಗೆ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ ಅನ್ನುವ ಅಳತೆ) ಏರಿಸಿ 30 ದಿನ ಅಲ್ಲೇ ನಿಲ್ಲಿಸಿದೆ. ಹಾಗೆ ಕಟ್ಟಿಹಾಕದ ಅಯಾನಿಕ್ ಕಾಪರ್ ಆದರೆ ಅಳತೆಯೇ ಬೇರೆ, 0.15ರಿಂದ 0.20 ಮಾತ್ರ. ಕೀಲೇಟೆಡ್‌ನ ಅಂಕಿ ಅಯಾನಿಕ್‌ಗೆ ಹಾಕಿದರೆ ಸಂಜೆಯೊಳಗೆ ಮೀನು ತೇಲುತ್ತವೆ. ಬಾಟಲಿ ಮೇಲಿನ ಬರಹ ಓದದೆ ಮುಚ್ಚಳ ತೆಗೀಬೇಡಿ.

ಇಲ್ಲಿ ಮೀನು ಸಾಯುವುದು ಜಾಸ್ತಿ ರೋಗಕ್ಕಲ್ಲ, ಅಮೋನಿಯಾಕ್ಕೆ. ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಹೊಸ ಟ್ಯಾಂಕಲ್ಲಿ ಇರೋದಿಲ್ಲ ಅಲ್ವಾ. ಅಮೋನಿಯಾ ಕಟ್ಟುವ ಔಷಧಿಗಳನ್ನು ಕಾಪರ್ ಜೊತೆ ಸೇರಿಸಿದರೆ ಕಾಪರ್ ಇನ್ನೂ ವಿಷವಾಗಬಹುದು. ಅದಕ್ಕೇ ನಾನು ನೆಚ್ಚಿಕೊಂಡಿದ್ದು ನೀರು ಬದಲಾವಣೆಯನ್ನೇ. 20 ಲೀಟರ್ ತೆಗೆದರೆ, ಹಾಕುವ 20 ಲೀಟರ್ ಉಪ್ಪುನೀರಿಗೆ ಮೊದಲೇ ಅಷ್ಟೇ ಕಾಪರ್ ಬೆರೆಸಿರಬೇಕು. ಆವಿಯಾಗಿ ನೀರು ಇಳಿದಿದ್ದರೆ ಮಾತ್ರ ಬರೀ ಆರ್‌ಒ ನೀರು. ಉಪ್ಪೂ ಕಾಪರ್ರೂ ಆವಿಯಾಗೋದಿಲ್ಲ. ಪೌಡರ್ ಬ್ಲೂ ಕಾಪರ್ ನೀರಲ್ಲಿ ಊಟ ಬಿಟ್ಟಿತ್ತು. ಸುಶಿಗೆ ಸುತ್ತುವ ಉಪ್ಪಿಲ್ಲದ ನೋರಿ (ಒಣಗಿಸಿದ ಸಮುದ್ರಪಾಚಿ) ಹಾಳೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿದ ಮೇಲೆ ಬಾಯಿ ಹಾಕಿತು.

ಕಾಪರ್ ಬೇಡ ಅನ್ನುವವರಿಗೆ ಇನ್ನೊಂದು ದಾರಿಯಿದೆ. ಪ್ರತಿ 72 ಗಂಟೆಗೊಮ್ಮೆ ಮೀನನ್ನು ಪೂರ್ತಿ ಒಣಗಿಸಿದ ಬೇರೆ ಟಬ್ಬಿಗೆ ಸಾಗಿಸೋದು. ಕವಚ ಒಡೆಯುವ ಮುಂಚೆ ಮೀನು ಜಾಗ ಖಾಲಿ ಮಾಡಿರುತ್ತದೆ. ನಾಲ್ಕು ಸಲ ಸಾಗಿಸಿದರೆ ಮುಗಿಯಿತು. ಔಷಧಿ ಸೊನ್ನೆ, ಉಪ್ಪಿನ ಖರ್ಚು ವಿಪರೀತ. ವೆಲ್ವೆಟ್ಟಿಗೆ ಇದು ನಡೆಯುವುದಿಲ್ಲ.

ಅತ್ತ ದೊಡ್ಡ ಟ್ಯಾಂಕ್ 76 ದಿನ ಮೀನಿಲ್ಲದೆ ಇರಬೇಕು. ಸಿಗಡಿ, ಏಡಿ ಇರಲಿ, ಅವುಗಳ ಮೇಲೆ ಇಕ್ ಬದುಕುವುದಿಲ್ಲ. ಆದರೆ ಅಲ್ಲಿನ ಬಲೆ, ಒದ್ದೆ ಕೈ ಈ ಕಡೆ ಬರಬಾರದು. ಕ್ಲೀನರ್ ಸಿಗಡಿ ಬಿಟ್ಟರೆ ಮೀನಿನ ಮೈಯಿಂದ ಚುಕ್ಕಿ ಕಿತ್ತು ತಿನ್ನುತ್ತೆ ಅನ್ನುತ್ತಾರೆ. ಚರ್ಮದೊಳಗೆ ಕೂತ ಜೀವಿ ಅದಕ್ಕೆಲ್ಲಿ ಸಿಗಬೇಕು?

ಈ ಎರಡೂವರೆ ತಿಂಗಳು ಯಾರನ್ನು ವಾಪಸ್ ಬಿಡೋದು ಅಂತ ಲೆಕ್ಕ ಹಾಕಲು ಒಳ್ಳೇ ಸಮಯ. ಕಲ್ಲಿನ ಸಂದಿಯಿಂದ ಡ್ಯಾಮ್ಸೆಲ್ ಹಿಡಿಯೋದು ದೊಡ್ಡ ತಲೆನೋವು. ಹೇಗೂ ಹಿಡಿದಾಗಿತ್ತಲ್ಲ, ಮತ್ತೆ ಬಿಡಲೇ ಇಲ್ಲ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ ಅಂದರೆ ಹೊರಗಿನ ಅಳತೆಗೆ ಸುಮಾರು 255 ಲೀಟರ್. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ 200ರ ಹತ್ತಿರ ಬಂದು ನಿಲ್ಲುತ್ತದೆ. ಇಷ್ಟು ಇಂಚು ಮೀನಿಗೆ ಇಷ್ಟು ನೀರು ಅನ್ನುವ ಸೂತ್ರವನ್ನು ನಾನು ನಂಬುವುದಿಲ್ಲ. ಹಿಪ್ಪೋ ಟ್ಯಾಂಗ್ 30 ಸೆಂಟಿಮೀಟರ್ ಬೆಳೆಯುವ ಮೀನು, ಟ್ಯಾಂಕಿನ ಅಗಲವೇ 45. ಅದೂ ಅಲ್ಲದೆ ಉಪ್ಪುನೀರಲ್ಲಿ ಆಮ್ಲಜನಕ ಸಿಹಿನೀರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ ಕರಗುತ್ತದೆ. ಏಪ್ರಿಲ್ ಸೆಕೆಯಲ್ಲಿ ಇನ್ನೂ ಕಡಿಮೆ. ಅಂಥಾ ರಾತ್ರಿ ಕರೆಂಟ್ ಹೋದರೆ ತುಂಬಿದ ಟ್ಯಾಂಕು ಬೆಳಗಿನವರೆಗೆ ತಡೆಯುವುದು ಕಷ್ಟ. ಅದಕ್ಕೇ ನೀರು ಕಲಕುವ ಪಂಪು, ಅಂದರೆ ವೇವ್ ಮೇಕರನ್ನು ಮಾತ್ರ ಯುಪಿಎಸ್‌ಗೆ ಕೊಟ್ಟಿದ್ದೇನೆ.

ಎರಡೂ ಟ್ಯಾಂಗ್, ಫಾಕ್ಸ್‌ಫೇಸ್ ಆರಡಿಗಿಂತ ದೊಡ್ಡ ಟ್ಯಾಂಕಿರುವ ಗೆಳೆಯರೊಬ್ಬರ ಮನೆಗೆ ಹೋದವು. ಡ್ಯಾಮ್ಸೆಲ್‌ಗಳನ್ನು ಅಂಗಡಿಗೆ ಕೊಟ್ಟು ಒಂದು ಬಕೆಟ್ ಸಾಲ್ಟ್ ತಂದೆ. ಈಗ ಜೋಡಿ ಕ್ಲೌನ್, ಕಾರ್ಡಿನಲ್, ಆಮೇಲೆ ಸೇರಿಸಿದ ಒಂದು ಗೋಬಿ ಮೀನು, ಇಷ್ಟೇ.

ಗೋಬಿಯನ್ನು ತಂದ ದಿನವೂ ನೇರ ಬೇರೆ ಟ್ಯಾಂಕಿಗೇ ಬಿಟ್ಟಿದ್ದು. ಅಂಗಡಿಗಳಲ್ಲಿ ನೀರಿಗೆ ಸ್ವಲ್ಪ ಕಾಪರ್ ಹಾಕಿಟ್ಟಿರುವುದುಂಟು. ಅಷ್ಟಕ್ಕೆ ರೋಗ ಸಾಯೋದಿಲ್ಲ, ತಲೆ ತಗ್ಗಿಸಿಕೊಂಡಿರುತ್ತದೆ, ಅಷ್ಟೆ. ಮೀನಿನ ಮೈ ನೋಡಿ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಒಂದು ಸ್ಪಾಂಜ್ ಫಿಲ್ಟರನ್ನು ದೊಡ್ಡ ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ಪೆಟ್ಟಿಗೆ, ಅಂದರೆ ಸಂಪಿನಲ್ಲಿ ಸದಾ ಮುಳುಗಿಸಿಟ್ಟಿರುತ್ತೇನೆ. ಬ್ಯಾಕ್ಟೀರಿಯಾ ಕೂತು ತಯಾರಿರುತ್ತದೆ, ಹೊಸ ಮೀನು ಬಂದ ಗಳಿಗೆಗೆ ತೆಗೆದು ಆ ಕಡೆ ಇಟ್ಟರಾಯ್ತು. ಕಾಪರ್ ನೀರಲ್ಲಿ ಮುಳುಗಿದ ಸ್ಪಾಂಜನ್ನು ಮಾತ್ರ ಮತ್ತೆ ಸಂಪಿಗೆ ಹಾಕುವುದಿಲ್ಲ.