ನಮ್ಮೂರ ಕಿವಿಗಳಿಗೆ ನಮ್ಮದೇ ಅಳತೆ: ಬೆರಾ ಪರೀಕ್ಷೆಯ ನನ್ನ ಅನುಭವ

ಬೆರಾ ಅಂದರೆ ಶಬ್ದಕ್ಕೆ ಕಿವಿಯ ನರ ಮತ್ತು ಮೆದುಳಿನ ಕಾಂಡ ಕೊಡುವ ಉತ್ತರವನ್ನು ಅಳೆಯುವ ಪರೀಕ್ಷೆ. ಅದರ ಯಂತ್ರದ ಜೊತೆ 'ನಾರ್ಮಲ್' ಅಂಕಿಗಳ ಪಟ್ಟಿಯೂ ಬರುತ್ತದೆ. ಆ ಅಂಕಿಗಳು ಯಾರನ್ನು ಪರೀಕ್ಷಿಸಿ ಬಂದವು, ಯಾವ ಇಯರ್‌ಫೋನ್ ಬಳಸಿದ್ದರು, ಶಬ್ದ ಎಷ್ಟು ಜೋರಿತ್ತು ಅಂತ ನೋಡದೆ ಸುಮ್ನೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಕಿವಿಯೊಳಗೆ ಹಾಕುವ ಇಯರ್‌ಫೋನಿನ ಕೊಳವೆ ಒಂದೇ ಸಾಕು, ಉತ್ತರವನ್ನು ಸುಮಾರು 0.9 ಮಿಲಿಸೆಕೆಂಡ್ ತಡ ಮಾಡುತ್ತದೆ. ಕೆಲವು ಯಂತ್ರ ಅದನ್ನು ತಾನೇ ಕಳೆಯುತ್ತದೆ, ಕೆಲವು ಕಳೆಯುವುದಿಲ್ಲ. ಹಾಗಾಗಿ ಶಿವಮೊಗ್ಗದಲ್ಲಿ ಆಡಿಯಾಲಜಿಸ್ಟ್ (ಕಿವಿ ಕೇಳುವುದನ್ನು ಪರೀಕ್ಷಿಸುವವರು) ಆಗಿ ಕೆಲಸ ಶುರು ಮಾಡಿದಾಗ ನಮ್ಮದೇ ಪಟ್ಟಿ ಮಾಡಿಕೊಳ್ಳೋಣ ಅಂದುಕೊಂಡೆ.

ಗೊತ್ತಿಲ್ಲದವರಿಗೆ ಎರಡು ಮಾತು. ಕಿವಿಗೆ ಟಿಕ್ ಟಿಕ್ ಎನ್ನುವ ಕ್ಲಿಕ್ ಶಬ್ದ ಕೊಡುತ್ತೇವೆ. ಹಣೆಗೆ, ಕಿವಿ ಹಿಂದಿನ ಮೂಳೆಗೆ ಎಲೆಕ್ಟ್ರೋಡ್ ಅಂಟಿಸಿ ನರ ಮತ್ತು ಮೆದುಳಿನ ಕಾಂಡ ಕೊಡುವ ವಿದ್ಯುತ್ ಉತ್ತರ ಹಿಡಿಯುತ್ತೇವೆ. ಅದು ಒಂದು ಮೈಕ್ರೋವೋಲ್ಟಿಗಿಂತಲೂ ಕಡಿಮೆ. ಕುತ್ತಿಗೆಯ ಸ್ನಾಯು ಬಿಗಿಯಾದರೆ ಅದರ ಗದ್ದಲವೇ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅದಕ್ಕೇ 2000 ಕ್ಲಿಕ್ ಕೊಟ್ಟು ಸರಾಸರಿ ತೆಗೆಯುತ್ತೇವೆ. ಆಗ ಮೊದಲ ಹತ್ತು ಮಿಲಿಸೆಕೆಂಡಿನಲ್ಲಿ ಸಾಲಾಗಿ ಅಲೆಗಳು ಕಾಣುತ್ತವೆ. ಅವಕ್ಕೆ ರೋಮನ್ ಅಂಕಿ ಕೊಟ್ಟವರು ಜುವೆಟ್ ಮತ್ತು ವಿಲಿಸ್ಟನ್, 1971ರಲ್ಲಿ. ನಮಗೆ ಮುಖ್ಯವಾದದ್ದು ಐದನೆಯ ಅಲೆ. ಜೋರು ಕ್ಲಿಕ್ಕಿಗೆ ದೊಡ್ಡವರಲ್ಲಿ ಅದು ಸುಮಾರು 5.5ರಿಂದ 6 ಮಿಲಿಸೆಕೆಂಡಿನಲ್ಲಿ ಬರುತ್ತದೆ.

ರೋಗಿಗಳ ಜೊತೆ ಬಂದ ನೆಂಟರು, ನರ್ಸಿಂಗ್ ವಿದ್ಯಾರ್ಥಿಗಳು, ಪರಿಚಯದವರು, ಯಾರು ಒಪ್ಪಿದರೋ ಅವರನ್ನೆಲ್ಲ ಕೂರಿಸಿದೆ. ಮೊದಲು ಮಾಮೂಲಿ ಆಡಿಯೋಗ್ರಾಮ್, ಅಂದರೆ ಎಷ್ಟು ಮೆಲ್ಲಗಿನ ಶಬ್ದದವರೆಗೆ ಕೇಳುತ್ತದೆ ಎನ್ನುವ ಪರೀಕ್ಷೆ ಮಾಡಿ, ಕೇಳುವುದು ಸರಿ ಇದ್ದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡೆ. ಗಂಡಸರು, ಹೆಂಗಸರು ಬೇರೆ ಬೇರೆ ಪಟ್ಟಿ. ಕ್ಲಿಕ್ ವೇಗ ಸೆಕೆಂಡಿಗೆ 11.1. ಹತ್ತು ಅಂತ ಇಟ್ಟರೆ ಕರೆಂಟಿನ 50 ಹರ್ಟ್ಜ್ ಗದ್ದಲ ಪ್ರತಿ ಕ್ಲಿಕ್ಕಿಗೂ ಒಂದೇ ತಾಳಕ್ಕೆ ಕೂತುಬಿಡುತ್ತದೆ, ಸರಾಸರಿಯಲ್ಲೂ ಹೋಗುವುದಿಲ್ಲ.

ಎಲ್ಲರ ಕಿವಿಯೂ ಚೆನ್ನಾಗಿಯೇ ಇತ್ತು. ಗ್ರಾಫ್ ಮಾತ್ರ ಒಬ್ಬರದು ಒಂದೊಂದು ಥರ. ಒಬ್ಬರ ಐದನೆಯ ಅಲೆ ಕುಂದಾದ್ರಿಯ ಹಾಗೆ ಎದ್ದು ನಿಂತರೆ, ಇನ್ನೊಬ್ಬರದನ್ನು ಹುಡುಕಿ ಗುರುತು ಹಾಕಬೇಕು. ತಲೆಯ ಗಾತ್ರ, ತಲೆಬುರುಡೆಯ ದಪ್ಪ, ಕುತ್ತಿಗೆ ಎಷ್ಟು ಸಡಿಲ ಬಿಟ್ಟಿದ್ದಾರೆ, ಎಲ್ಲವೂ ಎತ್ತರವನ್ನು ಬದಲಿಸುತ್ತವೆ. ಆದರೆ ಅಲೆ ಬರುವ ಹೊತ್ತು ಅಷ್ಟು ಅತ್ತಿತ್ತ ಆಗುವುದಿಲ್ಲ. ಅದಕ್ಕೇ ಎತ್ತರ ನೋಡಿ 'ಉತ್ತರ ವೀಕ್' ಅಂತ ರಿಪೋರ್ಟ್ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಹೊತ್ತಿನಲ್ಲೂ ಒಂದು ವ್ಯತ್ಯಾಸ ಇದ್ದೇ ಇದೆ. ಹೆಂಗಸರ ಐದನೆಯ ಅಲೆ ಗಂಡಸರದಕ್ಕಿಂತ 0.2 ಮಿಲಿಸೆಕೆಂಡಿನಷ್ಟು ಬೇಗ ಬರುತ್ತದೆ, ಎತ್ತರವೂ ಸ್ವಲ್ಪ ಜಾಸ್ತಿ. ಹೆಂಗಸರ ಒಳಗಿವಿಯ ಶಂಖ ಸ್ವಲ್ಪ ಗಿಡ್ಡ, ತಲೆಯೂ ಸಣ್ಣದು ಎನ್ನುವುದು ಅದಕ್ಕೆ ಕೊಡುವ ಕಾರಣ. 0.2 ಅಂದರೆ ಏನು ಮಹಾ ಅನಿಸಬಹುದು. ಆದರೆ ಎರಡು ಕಿವಿಗಳ ನಡುವೆ 0.4 ವ್ಯತ್ಯಾಸ ಬಂದರೇ ನಾವು ನರದ ತೊಂದರೆ ಇರಬಹುದಾ ಅಂತ ಯೋಚಿಸುತ್ತೇವೆ, ಅಲ್ವಾ?

ಮಕ್ಕಳದ್ದು ಬೇರೆಯೇ ಲೋಕ. ಹುಟ್ಟಿದ ಮಗುವಿನಲ್ಲಿ ಮೊದಲನೆಯ ಅಲೆಯಿಂದ ಐದನೆಯದಕ್ಕೆ ಸುಮಾರು 5 ಮಿಲಿಸೆಕೆಂಡ್, ದೊಡ್ಡವರಲ್ಲಿ 4. ನರದ ಮೇಲಿನ ಮೈಲಿನ್ ಪದರ ಬೆಳೆಯುತ್ತಾ ಎರಡು ವರ್ಷದ ಹೊತ್ತಿಗೆ ದೊಡ್ಡವರ ಮಟ್ಟಕ್ಕೆ ಬರುತ್ತದೆ. ತಿಂಗಳು ತುಂಬದೆ ಹುಟ್ಟಿದ್ದರೆ ಇನ್ನೂ ತಡ. ಹಾಗಾಗಿ ಹುಟ್ಟಿದ ದಿನಾಂಕದ ಜೊತೆ 'ಎಷ್ಟು ವಾರಕ್ಕೆ ಹೆರಿಗೆ ಆಯ್ತು' ಅಂತ ಕೇಳಿಯೇ ಕೇಳುತ್ತೇನೆ.

ಯಂತ್ರಕ್ಕಿಂತ ಜಾಸ್ತಿ ಕಾಡುವುದು ಎಣ್ಣೆ. ಮಲೆನಾಡಿನ ಕೂಸಿಗೆ ತಲೆಗೆ ಎಣ್ಣೆ ತಟ್ಟದೆ ಯಾರು ಹೊರಗೆ ಕರೆತರುತ್ತಾರೆ? ದೃಷ್ಟಿಬೊಟ್ಟಿನ ಕಾಡಿಗೆಯೂ ಸರಿಯಾಗಿ ನಮ್ಮ ಎಲೆಕ್ಟ್ರೋಡ್ ಕೂರುವ ಹಣೆಯ ಮೇಲೇ. ಬೊಟ್ಟು ಒರೆಸುವಾಗ ಅಜ್ಜಿಯ ಮುಖ ನೋಡಬೇಕು! ಈಗ ಕೆನ್ನೆಗೆ ಇಡಿ ಅಂತ ಫೋನಿನಲ್ಲೇ ಹೇಳಿರುತ್ತೇನೆ. ಚರ್ಮ ಚೆನ್ನಾಗಿ ಉಜ್ಜಿ, ಇಂಪೀಡೆನ್ಸ್ (ಚರ್ಮ ಮತ್ತು ಎಲೆಕ್ಟ್ರೋಡ್ ನಡುವಿನ ವಿದ್ಯುತ್ ತಡೆ) 5 ಕಿಲೋ ಓಮ್‌ಗಿಂತ ಕೆಳಗೆ ಬಂದ ಮೇಲೆಯೇ ಶುರು. ಇನ್ನೊಂದು ಬಸ್ಸಿನ ಸಮಸ್ಯೆ. ಹೊಸನಗರದಿಂದಲೋ ಸಾಗರದಿಂದಲೋ ಬರುವಷ್ಟರಲ್ಲಿ ಮಗು ದಾರಿಯಲ್ಲೇ ಗಡದ್ದಾಗಿ ಮಲಗಿ, ನಮ್ಮಲ್ಲಿ ಬಂದು ಆಟಕ್ಕೆ ನಿಲ್ಲುತ್ತದೆ. ಬಸ್ಸಿನಲ್ಲಿ ಎಚ್ಚರ ಇಡಿ, ಇಲ್ಲಿ ಬಂದು ಹಾಲು ಕುಡಿಸಿ ಅನ್ನುತ್ತೇನೆ. ನಿದ್ದೆ ಔಷಧಿ ಡಾಕ್ಟರ್ ಇದ್ದಾಗ ಮಾತ್ರ, ಅದೂ ಕೊನೆಯ ದಾರಿ. ನಿದ್ದೆಯಿಂದ ಬೆರಾ ಅಲೆಗಳಿಗೆ ಏನೂ ಆಗುವುದಿಲ್ಲ, ಗದ್ದಲ ಮಾತ್ರ ಕಡಿಮೆ ಆಗುತ್ತದೆ.

ಮೆದುಳಿನ ಮೇಲ್ಪದರದಿಂದ ಬರುವ ನಿಧಾನದ ಅಲೆಗಳದ್ದು ಇದಕ್ಕೆ ಉಲ್ಟಾ. ಶಬ್ದವಾದ 100 ಮಿಲಿಸೆಕೆಂಡಿನ ಹೊತ್ತಿಗೆ ಎನ್1 ಎನ್ನುವ ಅಲೆ, 200ರ ಸುಮಾರಿಗೆ ಪಿ2 ಎನ್ನುವ ಅಲೆ. ಇವನ್ನು 1939ರಲ್ಲೇ ಪಾಲಿನ್ ಡೇವಿಸ್ ಗುರುತಿಸಿದ್ದರು. ಇವು ನಿದ್ದೆ ಬಂದರೆ ಬದಲಾಗುತ್ತವೆ, ಗಮನ ಕೊಟ್ಟರೂ ಬದಲಾಗುತ್ತವೆ. ಒಬ್ಬೊಬ್ಬರ ಮೆದುಳಿನ ಮಡಿಕೆಯೂ ಬೇರೆ ಆದ್ದರಿಂದ ಆಕಾರದಲ್ಲಿ ಇನ್ನೂ ಜಾಸ್ತಿ ವ್ಯತ್ಯಾಸ. ಇದಕ್ಕೆ ಪಟ್ಟಿ ಮಾಡುವ ಗೋಜಿಗೆ ನಾನು ಹೋಗಲಿಲ್ಲ. ಉತ್ತರ ಇದೆಯೋ ಇಲ್ಲವೋ ಅಷ್ಟೇ ನೋಡುತ್ತೇನೆ.

ಯಕ್ಷಗಾನದ ಚಂಡೆಯವರೊಬ್ಬರು ಬಂದಿದ್ದರು. ವರ್ಷಗಟ್ಟಲೆಯ ಸದ್ದಿಗೆ 4000 ಹರ್ಟ್ಜ್ ಸುತ್ತ ಕಿವಿ ಸೋತಿತ್ತು. ಮೊದಲನೆಯ ಅಲೆ ಪತ್ತೆಯೇ ಇಲ್ಲ, ಐದನೆಯದು ಮಾತ್ರ ಹೆಚ್ಚುಕಡಿಮೆ ಹೊತ್ತಿಗೆ ಸರಿಯಾಗಿ ಬಂತು. ಬೆರಾ ಒಂದನ್ನೇ ನೋಡಿ ಕಿವಿ ಚೆನ್ನಾಗಿದೆ ಎನ್ನಬಹುದಿತ್ತು. ಆಡಿಯೋಗ್ರಾಮ್ ಪಕ್ಕದಲ್ಲಿಟ್ಟಾಗಲೇ ವಿಷಯ ತಿಳಿಯಿತು.

ಜನರಿಂದ ಜನರಿಗೆ ಇಷ್ಟು ವ್ಯತ್ಯಾಸ ಇದ್ದರೂ, ಒಬ್ಬರದನ್ನೇ ಮತ್ತೆ ತೆಗೆದರೆ ಎರಡು ಗ್ರಾಫ್ ಒಂದರ ಮೇಲೊಂದು ಕೂರುತ್ತವೆ. ಅದಕ್ಕೆ ಪ್ರತಿ ಕಿವಿಗೂ ಎರಡು ಸಲ ತೆಗೆಯುತ್ತೇನೆ. ಇಯರ್‌ಫೋನ್, ಕ್ಲಿಕ್ ವೇಗ, ಜೋರು ಎಷ್ಟು ಎಂಬುದನ್ನು ಗ್ರಾಫಿನ ಕೆಳಗೇ ಬರೆದು, ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಡುತ್ತೇನೆ, ನಮ್ಮ ಮಳೆ ಗೊತ್ತಲ್ಲ. ಮುಂದಿನ ಸಲ ಬರುವಾಗ ಅದನ್ನೇ ತನ್ನಿ ಅನ್ನುತ್ತೇನೆ. ಅವರ ಹಳೇ ಗ್ರಾಫ್ ಕೈಯಲ್ಲಿದ್ದರೆ ನನ್ನ ಪಟ್ಟಿಯನ್ನು ತೆರೆಯುವುದೇ ಅಪರೂಪ.